ಹಪ್ಪಳದ ಚೀಟಿ

ಮನೆಯಲ್ಲಿ ನಾಲ್ಕಕ್ಷರ ಬರೆಯುವವರು ಒಬ್ಬರಿದ್ದರೆ ಸಾಕು, ಮದುವೆಯ ಕರೆಯೋಲೆಯಿಂದ ಹಿಡಿದು ನಲ್ಲಿನೀರಿನ ದೂರಿನವರೆಗೆ ಎಲ್ಲವೂ ಅವರ ತಲೆಗೇ. ಸಾಗರದಲ್ಲಿರುವ ನನ್ನ ನಾದಿನಿ ಹಲಸಿನಕಾಯಿ ಹಪ್ಪಳ ಮಾಡಿ ಮಾರಲು ಹೊರಟಾಗಲೂ ಹಾಗೇ ಆಯಿತು. "ಅತ್ತಿಗೆ, ಪೊಟ್ಟಣದ ಚೀಟಿಗೆ ಎರಡು ಸಾಲು ಬರೆದುಕೊಡಿ" ಎಂದಳು.

ಅವಳಿಗೆ ಅದು ಹೊತ್ತು ಕಳೆಯುವ ಕೆಲಸವಾಗಿರಲಿಲ್ಲ. ಗಂಡನ ಅಂಗಡಿ ಮುಚ್ಚಿತ್ತು, ಮಗಳ ಕಾಲೇಜಿನ ಫೀಸು ಎದುರಿಗಿತ್ತು. ಎರಡು ಬಳೆ ಅಡವಿಟ್ಟು ತಕ್ಕಡಿ, ಪೊಟ್ಟಣ, ಅಂಟಿಸುವ ಯಂತ್ರ ತಂದಿದ್ದಳು. ಹಲಸಿನ ಹಪ್ಪಳವೆಂದರೆ ಸುಮ್ಮನೆಯೇ? ಬಲಿತ ಕಾಯಿ ಹೆಚ್ಚಿ, ತೊಳೆ ಬಿಡಿಸಿ, ಬೇಯಿಸಿ, ರುಬ್ಬಿ, ಉಪ್ಪು ಖಾರ ಜೀರಿಗೆ ಬೆರೆಸಿ, ಒಂದೊಂದನ್ನೇ ಒತ್ತಿ ಬಿಸಿಲಿಗೆ ಹಾಕಬೇಕು. ಕೈಗಂಟಿದ ಮೇಣ ಕೊಬ್ಬರಿ ಎಣ್ಣೆಗೂ ಸುಲಭಕ್ಕೆ ಜಗ್ಗದು. ಮಳೆ ಹಿಡಿಯುವುದರೊಳಗೆ ಎಲ್ಲ ಮುಗಿಯಬೇಕು.

ನಾನು ಹಿಂದೊಮ್ಮೆ ಮಾಸಪತ್ರಿಕೆಗೆ ಕಥೆ ಬರೆದವಳು. ಬಿಡುತ್ತೇನೆಯೇ? "ಸಹ್ಯಾದ್ರಿಯ ಮಡಿಲಿನಿಂದ ಅಜ್ಜಿಯ ಕೈರುಚಿಯ ಅಮೃತ! ವರ್ಷವಿಡೀ ಗರಿಗರಿ!" ಎಂದು ಬರೆದು, ಎರಡು ಸಲ ಓದಿ ನಾನೇ ಬೀಗಿದೆ. ಸೊಸೆಮುದ್ದು "ಸಕ್ಕರೆ ಕಾಯಿಲೆಗೆ ರಾಮಬಾಣ" ಅಂತಲೂ ಸೇರಿಸೋಣ ಎಂದಳು. ಆಹಾರವು ರೋಗ ಗುಣಪಡಿಸುತ್ತದೆ ಎಂದು ಹೇಳಿ ಮಾರುವಂತಿಲ್ಲ, ಆಹಾರದ ಜಾಹೀರಾತಿಗೆಂದೇ 2018ರಲ್ಲಿ ನಿಯಮ ಬಂದಿದೆ ಎಂಬುದು ಪುಣ್ಯಕ್ಕೆ ನನಗೆ ತಿಳಿದಿತ್ತು. ಅದನ್ನು ಹೊಡೆದುಹಾಕಿದೆ. ನಾದಿನಿ ಮಾತ್ರ ಮೆಲ್ಲಗೆ, "ವರ್ಷವಿಡೀ ಅನ್ನೋದು ಹೆಚ್ಚಾಯಿತೇನೋ" ಎಂದಳು. "ಜಾಹೀರಾತು ಅಂದಮೇಲೆ ಅಷ್ಟಾದರೂ ಬೇಡವೇ?" ಎಂದು ಅವಳ ಬಾಯಿ ಮುಚ್ಚಿಸಿದೆ.

ಆಷಾಢದ ಮಳೆ ಹಿಡಿಯಿತು. ಹದಿನೆಂಟು ಪೊಟ್ಟಣ ಅಂಗಡಿಯಿಂದ ಹಿಂದಕ್ಕೆ ಬಂದವು. ಕೊಂಡವರೊಬ್ಬರು ಹಪ್ಪಳವನ್ನು ಬಗ್ಗಿಸಿ ತೋರಿಸಿ, "ಇದೇನಾ ನಿಮ್ಮ ಗರಿಗರಿ?" ಎಂದು ಕೇಳಿದರಂತೆ. ನಾದಿನಿ ನನಗೆ ಒಂದು ಮಾತೂ ಅನ್ನಲಿಲ್ಲ. ಸುಮ್ಮನೆ ಕೂತು ಅವನ್ನೆಲ್ಲ ಒಲೆಯ ಹತ್ತಿರ ಹರಡುತ್ತಿದ್ದಳು. ಬರಿಗೈಯಲ್ಲಿ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ತಪ್ಪು ಹಪ್ಪಳದ್ದಲ್ಲ, ನನ್ನ ಲೇಖನಿಯದು.

ಆ ರಾತ್ರಿ ನೆನಪಾದದ್ದು ಲಿಜ್ಜತ್ ಪಾಪಡ್ ಕಥೆ. 1959ರಲ್ಲಿ ಮುಂಬಯಿಯ ಗಿರಗಾಂವ್‌ನಲ್ಲಿ ಏಳು ಜನ ಗೃಹಿಣಿಯರು 80 ರೂಪಾಯಿ ಸಾಲ ತಂದು ತಾರಸಿಯ ಮೇಲೆ ಶುರುಮಾಡಿದ ಕೆಲಸ ಅದು. ಮೊದಲ ದಿನ ಆದದ್ದು ನಾಲ್ಕೇ ಪೊಟ್ಟಣ. ಮೊದಲ ವರ್ಷ ಮಳೆಗೆ ಅವರೂ ಕೆಲಸ ನಿಲ್ಲಿಸಿದ್ದರು. ಮರುವರ್ಷ ಮಂಚದ ಮೇಲೆ ಹಪ್ಪಳ, ಮಂಚದ ಕೆಳಗೆ ಒಲೆ! ಮಳೆಯನ್ನು ಅವರು ಮಾತಿನಿಂದ ಮುಚ್ಚಿಡಲಿಲ್ಲ, ಉಪಾಯ ಹುಡುಕಿದರು. ಆ ಏಳು ಜನರಲ್ಲಿ ಒಬ್ಬರಾದ ಜಸವಂತಿಬೆನ್ ಪೋಪಟ್ ಅವರಿಗೆ 2021ರಲ್ಲಿ ಪದ್ಮಶ್ರೀ ಬಂತು.

ಮರುದಿನ ನಾದಿನಿಯನ್ನು ಕೂರಿಸಿಕೊಂಡು, "ಕೊಳ್ಳುವವರು ನಿನ್ನನ್ನು ಏನೇನು ಕೇಳುತ್ತಾರೆ?" ಎಂದೆ. ಅವಳು ಬೆರಳು ಮಡಿಸಿದಳು. ಎಷ್ಟು ಹಪ್ಪಳ ಇದೆ? ಮಕ್ಕಳಿಗೆ ಖಾರ ಆದೀತೇ? ಮಳೆಗಾಲದಲ್ಲಿ ಹೇಗೆ ಇಡುವುದು? ಉತ್ತರಗಳನ್ನು ಅವಳ ಮಾತಿನಲ್ಲೇ ಬರೆದೆ: "ಮೇ ತಿಂಗಳ ಬಿಸಿಲಿನಲ್ಲಿ ಒಣಗಿಸಿದ 25 ಹಪ್ಪಳ. ಖಾರ ಹದವಾಗಿದೆ. ಗಾಳಿಯಾಡದ ಡಬ್ಬಿಯಲ್ಲಿಡಿ. ಮಳೆಗೆ ಮೆತ್ತಗಾದರೆ ಬಿಸಿಲಿಗೋ ಒಲೆಯ ಬಳಿಗೋ ಇಟ್ಟು, ಆಮೇಲೆ ಕರಿಯಿರಿ." ಕೆಳಗೆ ತೂಕ, ಬೆಲೆ, ತಯಾರಿಸಿದ ತಿಂಗಳು, ವಿಳಾಸ, ಚೌಕದೊಳಗಿನ ಹಸಿರು ಬೊಟ್ಟು, 14 ಅಂಕಿಯ ನೋಂದಣಿ ಸಂಖ್ಯೆ. ಅಮೃತವೂ ಇಲ್ಲ, ಅಜ್ಜಿಯೂ ಇಲ್ಲ.

ಅಂಗಡಿಯವರು ಓದಿ ನಕ್ಕರಂತೆ: "ಮೆತ್ತಗಾಗುತ್ತೆ ಅಂತ ನೀವೇ ಬರೆದರೆ ಯಾರಮ್ಮ ಕೊಳ್ಳುತ್ತಾರೆ?" ಕೊಂಡರು. ನಮ್ಮ ಊರಿನ ಹೆಂಗಸರಿಗೆ ಹಪ್ಪಳ ಮೆತ್ತಗಾಗುವುದು ಗೊತ್ತಿಲ್ಲದ ಸಂಗತಿಯೇ? ಗೊತ್ತಿದ್ದದ್ದನ್ನು ಒಪ್ಪಿಕೊಂಡವಳನ್ನು ಅವರು ನಂಬಿದರು. ಒಬ್ಬರು ಚೀಟಿಯನ್ನೇ ಕತ್ತರಿಸಿ ಡಬ್ಬಿಗೆ ಅಂಟಿಸಿದ್ದಾರಂತೆ.

ಹೊಸದಾಗಿ ಏನನ್ನಾದರೂ ಮಾರಲು ಹೊರಟ ಅಕ್ಕತಂಗಿಯರಿಗೆ ನಾನು ಹೇಳುವುದಿಷ್ಟೇ. ಹೊಗಳಿಕೆ ಹುಡುಕುತ್ತಾ ಕೂರಬೇಡಿ. ಕೊಳ್ಳುವವಳು ಕೇಳುವ ಪ್ರಶ್ನೆಗೆ ಉತ್ತರ ಬರೆಯಿರಿ.

ನಾದಿನಿ ಒಂದು ಬಳೆ ಬಿಡಿಸಿಕೊಂಡಿದ್ದಾಳೆ, ಇನ್ನೊಂದು ಬಾಕಿಯಿದೆ. ಮೊನ್ನೆ ಬಂದು, "ಅತ್ತಿಗೆ, ಬೂದುಗುಂಬಳದ ಸಂಡಿಗೆಗೂ ಬರೆದುಕೊಡಿ" ಎಂದಳು.

"ಮೊದಲು ಕರಿದುಕೊಡು ಮಾರಾಯ್ತಿ, ತಿಂದು ನೋಡಿ ಬರೆಯುತ್ತೇನೆ" ಎಂದೆ.