ಕರಗಿದ್ದು ಕಬ್ಬಿಣ, ಕೆಟ್ಟ ಹೆಸರು ನೀರಿಗೆ

ಫಿಲ್ಟರ್ ಮಾರಲು ಮನೆಬಾಗಿಲಿಗೆ ಬರುವವರ ಬ್ಯಾಗಿನಲ್ಲಿ ಒಂದು ಪುಟ್ಟ ಯಂತ್ರ ಇರುವುದುಂಟು. ಒಂದು ಲೋಟದಲ್ಲಿ ಮನೆಯ ನಲ್ಲಿ ನೀರು, ಇನ್ನೊಂದರಲ್ಲಿ ಅವರ ಆರ್‌ಒ ನೀರು. ಕಬ್ಬಿಣ, ಅಲ್ಯೂಮಿನಿಯಂ ಕಡ್ಡಿಗಳನ್ನು ಎರಡಕ್ಕೂ ಇಳಿಬಿಟ್ಟು ಸ್ವಿಚ್ ಒತ್ತುತ್ತಾರೆ. ನೋಡನೋಡುತ್ತಿದ್ದಂತೆ ನಲ್ಲಿ ನೀರು ಹಸಿರುಗಪ್ಪಾಗಿ, ಕಂದಾಗಿ, ಮೇಲೆ ಕೊಳಕು ನೊರೆ ಕಟ್ಟುತ್ತದೆ. ಆರ್‌ಒ ನೀರು ಮಾತ್ರ ತಿಳಿಯಾಗಿಯೇ ಇರುತ್ತದೆ.

"ನೋಡಿ ಮೇಡಂ, ಮಕ್ಕಳಿಗೆ ಇದನ್ನೇ ಕುಡಿಸ್ತಾ ಇದ್ದೀರಿ!"

ನೀರಿನ ತಪ್ಪೇನೂ ಇಲ್ಲ. ಪ್ಲಸ್ ತುದಿಗೆ ಸಿಕ್ಕ ಕಬ್ಬಿಣ ಕರಗಿ ತುಕ್ಕಾಗಿದೆ, ಅಷ್ಟೇ. ಕಾವೇರಿಯದಾಗಲಿ ಬೋರ್‌ವೆಲ್ಲಿನದಾಗಲಿ, ನೀರಿನಲ್ಲಿರುವ ಲವಣಗಳಿಂದ ವಿದ್ಯುತ್ ಹರಿಯುತ್ತದೆ. ಲವಣ ತೆಗೆದ ನೀರಿನಲ್ಲಿ ಹರಿಯುವುದು ತೀರಾ ಕಡಿಮೆ. ಆ ತಿಳಿನೀರಿಗೆ ಚಿಟಿಕೆ ಉಪ್ಪು ಹಾಕಿ ಸ್ವಿಚ್ ಒತ್ತಲಿ, ಅದರ ಬಣ್ಣವೂ ಬಯಲಾಗುತ್ತದೆ.

ಇಂಥದೇ ಆಟ 1800ರಲ್ಲಿ ಲಂಡನ್ನಿನಲ್ಲಿ ನಡೆದಿತ್ತು. ಆಡಿದವರು ಶಸ್ತ್ರವೈದ್ಯ ಆಂಟನಿ ಕಾರ್ಲೈಲ್ ಮತ್ತು ವಿಜ್ಞಾನ ಪತ್ರಿಕೆ ನಡೆಸುತ್ತಿದ್ದ ವಿಲಿಯಂ ನಿಕಲ್ಸನ್. ಎರಡು ಬೇರೆ ಬೇರೆ ಲೋಹಗಳನ್ನು ಪೇರಿಸಿ ವಿದ್ಯುತ್ ಪಡೆದ ಸುದ್ದಿಯನ್ನು ಇಟಲಿಯ ವೋಲ್ಟಾ ರಾಯಲ್ ಸೊಸೈಟಿಗೆ ಬರೆದು ತಿಳಿಸಿದ್ದರು. ಆ ಪತ್ರ ಅಚ್ಚಾಗುವವರೆಗೆ ಕಾಯುವ ತಾಳ್ಮೆ ಇವರಿಗಿರಲಿಲ್ಲ. ಬೆಳ್ಳಿಯ ಹಾಫ್ ಕ್ರೌನ್ ನಾಣ್ಯ, ಸತುವಿನ ಬಿಲ್ಲೆ, ಉಪ್ಪುನೀರಲ್ಲಿ ನೆನೆಸಿದ ರಟ್ಟು, ಹೀಗೆ ಒಂದರ ಮೇಲೊಂದು ಇಟ್ಟು ಬ್ಯಾಟರಿ ಕಟ್ಟಿಯೇಬಿಟ್ಟರು. ಗ್ರಾಂಟಿಗೆ ಅರ್ಜಿ ಇಲ್ಲ, ಕಮಿಟಿ ಇಲ್ಲ. ಜೇಬಿನ ದುಡ್ಡೇ ಉಪಕರಣ!

ಮೇ ತಿಂಗಳಲ್ಲಿ, ನೀರು ತುಂಬಿದ ಗಾಜಿನ ಕೊಳವೆಗೆ ಎರಡು ಹಿತ್ತಾಳೆ ತಂತಿ ಇಳಿಸಿದರು. ಊರಿಗೆ ನೀರುಣಿಸುತ್ತಿದ್ದ ನ್ಯೂ ರಿವರ್ ಕಾಲುವೆಯ ನೀರು ಅದು. ಒಂದು ತಂತಿಯಿಂದ ಜಲಜನಕದ ಗುಳ್ಳೆಗಳು ಎದ್ದವು. ಇನ್ನೊಂದರಿಂದ ಆಮ್ಲಜನಕ ಬರಲಿಲ್ಲ, ತಂತಿಯೇ ಕಿಲುಬು ಹಿಡಿಯಿತು. ನಮ್ಮ ಫಿಲ್ಟರಿನವರು ಅಲ್ಲಿದ್ದಿದ್ದರೆ ಲಂಡನ್ನಿನ ನೀರನ್ನೇ ವಿಷವೆಂದು ಸಾರುತ್ತಿದ್ದರು. ಅವರಿಬ್ಬರು ನೀರನ್ನು ದೂರಲಿಲ್ಲ, ತಂತಿ ಬದಲಿಸಿದರು. ಪ್ಲಾಟಿನಂ ಹಾಕಿದ ಮೇಲೆ ಎರಡೂ ತುದಿಗಳಲ್ಲಿ ಗುಳ್ಳೆ ಎದ್ದಿತು.

ಪ್ಲಸ್ ತುದಿಯಲ್ಲಿ ಯಾರಾದರೂ ಎಲೆಕ್ಟ್ರಾನ್ ಬಿಟ್ಟುಕೊಡಲೇಬೇಕು. ನೀರಿಗಿಂತ ಮೊದಲು ಲೋಹವೇ ಕೊಟ್ಟರೆ ಲೋಹ ಕರಗುತ್ತದೆ. ಹಾಗಾಗಿ ಎರಡು ಬಗೆಯ ಲೋಹ ಹಾಕಿದಾಗ ಯಾವುದು ಪ್ಲಸ್‌ಗೆ ಹೋಯಿತೆಂಬುದೇ ಮುಖ್ಯ. ತಾಮ್ರ ಹೋದರೆ ನೀರು ನೀಲಿಹಸಿರು, ಅಲ್ಯೂಮಿನಿಯಂ ಹೋದರೆ ಬಿಳಿ ಲೋಳೆ.

ಶಾಲೆಯ ವಸ್ತುಪ್ರದರ್ಶನಕ್ಕೆಂದು ಇದೇ ಪ್ರಯೋಗ ಮಾಡಲು ಮಕ್ಕಳು ಸ್ಟೀಲ್ ಚಮಚಕ್ಕೆ ಕೈಹಾಕುತ್ತಾರೆ. ಅದು ಪ್ಲಸ್ ತುದಿಯಲ್ಲಿದ್ದರೆ ಕ್ರೋಮಿಯಂನ ವಿಷಕಾರಿ ರೂಪ ನೀರಿಗಿಳಿಯಬಹುದು. ಉಪ್ಪು ಹಾಕಿದರೆ ಕ್ಲೋರಿನ್ ಅನಿಲವೂ ಏಳುತ್ತದೆ. 9 ವೋಲ್ಟಿನ ಬ್ಯಾಟರಿ, ಚೂರು ಅಡುಗೆ ಸೋಡಾ, ಎರಡೂ ಕಡೆ ಪೆನ್ಸಿಲಿನೊಳಗಿನ ಗ್ರಾಫೈಟ್ ಕಡ್ಡಿ ಸಾಕು. ಕಿಟಕಿ ತೆರೆದಿಡಿ, ಚಮಚ ಕೊಡಬೇಡಿ.