ತೊಂಬತ್ತೇಳರ ತೂಕ

ಗುಂಡಪ್ಪ ವಿಶ್ವನಾಥ್ ಅವರ ಟೆಸ್ಟ್ ಬದುಕು ದಾಖಲೆ ಪುಸ್ತಕದಲ್ಲಿ ಒಂದೇ ಸಾಲು: 91 ಪಂದ್ಯ, 6080 ರನ್, 14 ಶತಕ, ಸರಾಸರಿ 41.93. ಅವರ ಭಾವಮೈದುನ ಸುನಿಲ್ ಗಾವಸ್ಕರ್ ಸರಾಸರಿ 51.12. ಮುಂದೆ ಬಂದ ನಮ್ಮ ರಾಹುಲ್ ದ್ರಾವಿಡ್ ಅವರದು 52.31. ಈ ಸಾಲುಗಳನ್ನಷ್ಟೇ ಓದಿದವರಿಗೆ ವಿಶಿ ಒಬ್ಬ ಒಳ್ಳೆಯ ಬ್ಯಾಟ್ಸ್‌ಮನ್, ಅಷ್ಟೇ. ಆ ಹೆಸರು ಹೇಳುವಾಗ ನಮ್ಮ ಹಿರಿಯರ ದನಿ ಯಾಕೆ ಬದಲಾಗುತ್ತಿತ್ತು ಅನ್ನುವುದು ಅಲ್ಲೆಲ್ಲೂ ಸಿಗುವುದಿಲ್ಲ.

ನಾನಿರುವುದು ಚೆನ್ನೈನ ಪೋರೂರಿನಲ್ಲಿ. ನಾನು ಕನ್ನಡದವನೆಂದು ಗೊತ್ತಾದ ದಿನ ನಮ್ಮ ಕೆಳಮನೆಯ ಹಿರಿಯರು ಕಾವೇರಿ ವಿಷಯ ಎತ್ತುತ್ತಾರೇನೋ ಅಂದುಕೊಂಡಿದ್ದೆ. ಅವರು ಎತ್ತಿದ್ದು ವಿಶಿಯ ವಿಷಯ. "ತೊಂಬತ್ತೇಳು ನಾಟ್ ಔಟ್, ಸಾರ್. ನಾನು ಅಲ್ಲೇ ಇದ್ದೆ!"

ಅಲ್ಲೇ ಎಂದರೆ ಚೆಪಾಕ್‌ನಲ್ಲಿ, 1975ರ ಜನವರಿ, ಪೊಂಗಲ್ ಹೊತ್ತು. ವೆಸ್ಟ್ ಇಂಡೀಸ್‌ನ ಆಂಡಿ ರಾಬರ್ಟ್ಸ್ ಮೊದಲ ಇನ್ನಿಂಗ್ಸ್‌ನಲ್ಲಿ 64 ರನ್ನಿಗೆ 7 ವಿಕೆಟ್ ಕಿತ್ತರು. ಭಾರತ 190ಕ್ಕೆ ಆಲೌಟ್. ಅದರಲ್ಲಿ 97 ವಿಶಿ ಹೊಡೆದದ್ದು. ಉಳಿದ ಹತ್ತು ಜನರದ್ದೂ ಎಕ್ಸ್‌ಟ್ರಾಗಳೂ ಸೇರಿ 93. ಇನ್ನೊಂದು ತುದಿಯಲ್ಲಿ ನಿಲ್ಲಲು ಯಾರೂ ಉಳಿಯದೆ ಶತಕ ಮೂರು ರನ್ನಿಗೆ ತಪ್ಪಿತು. ಆ ಪಂದ್ಯವನ್ನು ಭಾರತ 100 ರನ್ನುಗಳಿಂದ ಗೆದ್ದಿತು.

ಒಂದು ಸಂಜೆ ಪೆನ್ನು ಹಿಡಿದು ಲೆಕ್ಕ ಹಾಕಿದೆ. ಸರಾಸರಿ ಎಂದರೆ ಒಟ್ಟು ರನ್ನನ್ನು ಔಟಾದ ಸಲಗಳಿಂದ ಭಾಗಿಸುವುದು. ವಿಶಿ ಔಟಾದದ್ದು 145 ಸಲ. ಆ 97 ಅನ್ನು ತೆಗೆದುಬಿಟ್ಟರೆ ಅವರ ಸರಾಸರಿ 41.26 ಆಗುತ್ತದೆ. ಅಂದರೆ ಆ ಇನ್ನಿಂಗ್ಸ್ ಕೊಟ್ಟದ್ದು 0.67. ಅದೇ ಚೆಪಾಕ್‌ನಲ್ಲಿ 1982ರಲ್ಲಿ ಇಂಗ್ಲೆಂಡ್ ವಿರುದ್ಧ ಅವರು 222 ಹೊಡೆದರು. ಅಂದು ಭಾರತ ನಾಲ್ಕೇ ವಿಕೆಟ್ಟಿಗೆ 481 ರನ್ ಮಾಡಿ ಡಿಕ್ಲೇರ್ ಮಾಡಿಕೊಂಡಿತ್ತು, ಪಂದ್ಯ ಡ್ರಾ. ಆ 222 ತೆಗೆದರೆ ಸರಾಸರಿ 40.68ಕ್ಕೆ ಇಳಿಯುತ್ತದೆ, ಅಂದರೆ ಅದರ ಪಾಲು 1.25. ಸರಾಸರಿಯ ಕಣ್ಣಿನಲ್ಲಿ ಡ್ರಾ ಆದ ಪಂದ್ಯದ ಆಟ ಗೆಲ್ಲಿಸಿದ ಆಟಕ್ಕಿಂತ ಹೆಚ್ಚೂಕಡಿಮೆ ಎರಡರಷ್ಟು ದೊಡ್ಡದು. ಶತಕಗಳ ಪಟ್ಟಿಯಲ್ಲಂತೂ 97ಕ್ಕೆ ಜಾಗವೇ ಇಲ್ಲ.

ಹಾಗೆಂದು ಸರಾಸರಿ ಸುಳ್ಳು ಹೇಳುತ್ತದೆ ಎನ್ನಲಾರೆ. ಬ್ರಾಡ್ಮನ್ ಅವರ 99.94 ನೋಡಿ ಯಾರಿಗೂ ಅನುಮಾನ ಬರುವುದಿಲ್ಲ. ಒಮ್ಮೆ ಔಟಾಗುವುದಕ್ಕೆ ಎಷ್ಟು ರನ್ ಎಂಬ ಒಂದೇ ಪ್ರಶ್ನೆಗೆ ಅದು ಉತ್ತರ ಕೊಡುತ್ತದೆ. ಯಾವಾಗ, ಯಾರೆದುರು ಎಂದು ನಾವು ಅದನ್ನು ಕೇಳಿಯೇ ಇಲ್ಲ.

ಅಮೆರಿಕದ ಬೇಸ್‌ಬಾಲ್‌ನವರು ಈ ದಾರಿಯಲ್ಲಿ ತುಂಬ ದೂರ ನಡೆದಿದ್ದಾರೆ. ಅಲ್ಲಿ ಅಂಕಿಅಂಶಗಳ ಹುಚ್ಚು ಹತ್ತಿಸಿದ ಪತ್ರಕರ್ತ ಹೆನ್ರಿ ಚಾಡ್ವಿಕ್ ಹುಟ್ಟಿದ್ದು ಇಂಗ್ಲೆಂಡಿನಲ್ಲಿ, ಕ್ರಿಕೆಟ್ ಬಲ್ಲವರು. ಅಲ್ಲಿನ ಬ್ಯಾಟಿಂಗ್ ಸರಾಸರಿಯಲ್ಲಿ ಒಂದೇ ಬೇಸ್ ಮುಟ್ಟಿಸುವ ಹೊಡೆತಕ್ಕೂ ಹೋಮ್ ರನ್ನಿಗೂ ಒಂದೇ ಬೆಲೆ. ಅದು ಸಾಲದೆಂದು ಹೊಸ ಅಳತೆಗಳು ಬಂದವು. ಅವುಗಳಲ್ಲೊಂದು, ಆಟಗಾರ ಬ್ಯಾಟ್ ಹಿಡಿಯುವ ಮೊದಲು ತಂಡದ ಗೆಲುವಿನ ಸಾಧ್ಯತೆ ಎಷ್ಟಿತ್ತು, ಆಡಿದ ಮೇಲೆ ಎಷ್ಟಾಯಿತು ಎಂದು ನೋಡುತ್ತದೆ. ಚೆಪಾಕ್‌ನ 97ಕ್ಕೆ ತಕ್ಕ ತಕ್ಕಡಿ ಅದೇ.

ಇದು ನನಗೆ ಬರೀ ಕಾಲಹರಣದ ಲೆಕ್ಕವಾಗಿರಲಿಲ್ಲ. ಭಾನುವಾರಗಳಲ್ಲಿ ನಮ್ಮ ಬಡಾವಣೆಯ ಹುಡುಗರ ತಂಡಕ್ಕೆ ಸ್ಕೋರ್ ಬರೆಯುವವನು ನಾನೇ. ಟೂರ್ನಿಗೆ ತಂಡ ಆರಿಸಲು ಕೋಚ್ ಎಲ್ಲರ ಸರಾಸರಿ ಕೇಳಿದರು. ಉಳಿದದ್ದು ಒಂದು ಜಾಗ, ಇಬ್ಬರು ಹುಡುಗರು. ಇನ್ನಿಂಗ್ಸ್ ಆರಂಭಿಸುವವನ ಸರಾಸರಿ 31, ಆರನೆಯವನಾಗಿ ಬರುವವನದು 19. ಈ ಎರಡನೆಯವನು ಹತ್ತನೇ ಕ್ಲಾಸು. ಆಟ ಬಿಡಿಸಿ ಟ್ಯೂಷನ್ನಿಗೆ ಹಾಕುವ ಮಾತು ಮನೆಯಲ್ಲಿ ಆಗಲೇ ನಡೆದಿತ್ತಂತೆ. 19 ಎಂಬ ಸಂಖ್ಯೆ ಆ ಮಾತಿಗೆ ಒಳ್ಳೆಯ ಸಾಕ್ಷಿ.

ಎರಡು ರಾತ್ರಿ ಕೂತು ಸ್ಕೋರ್ ಪುಸ್ತಕ ತಿರುವಿದೆ. ಇಬ್ಬರ ಪ್ರತಿ ಇನ್ನಿಂಗ್ಸ್ ಎದುರೂ ಮೂರು ಕಾಲಂ ಎಳೆದೆ: ಬಂದಾಗ ಸ್ಕೋರ್ ಎಷ್ಟು, ಹೋದಾಗ ಎಷ್ಟು, ಪಂದ್ಯ ಏನಾಯಿತು. ಕೋಚ್ ಹಾಳೆಯನ್ನು ಬಹಳ ಹೊತ್ತು ನೋಡಿದರು.

"ಐವತ್ತರೊಳಗೆ ಐದು ವಿಕೆಟ್ ಹೋದಾಗ ಇವನು ಎಷ್ಟು ಸಲ ಉಳಿದಿದ್ದಾನೆ?"

"ನಾಲ್ಕು ಸಲ. ಅದರಲ್ಲಿ ಮೂರು ಗೆದ್ದಿದ್ದೇವೆ."

ಕೊನೆಗೆ ಅವರು ಆರಿಸಿದ್ದು 31ರ ಹುಡುಗನನ್ನೇ. ಹೊಸ ಚೆಂಡು ಎದುರಿಸಲು ಬೇರೆ ಯಾರೂ ಇರಲಿಲ್ಲ. ಅದರಲ್ಲೂ ನ್ಯಾಯವಿತ್ತು. ಇನ್ನೊಬ್ಬ ಹನ್ನೆರಡನೆಯವನಾದ. ಆದರೆ ಆ ಮೂರು ಕಾಲಂಗಳನ್ನು ಇನ್ನು ಮುಂದೆ ಎಲ್ಲರಿಗೂ ಬರೆಯಿರಿ ಅಂದರು.

ಹುಡುಗ ಮುಖ ಸಣ್ಣದು ಮಾಡಿಕೊಂಡು ನನ್ನ ಹತ್ತಿರ ಬಂದ. ಹಾಳೆ ಕೊಟ್ಟೆ. ತನ್ನ ಸಾಲುಗಳನ್ನು ಬೆರಳಿಟ್ಟು ಓದಿದ, ಆಮೇಲೆ ಫೋನ್ ತೆಗೆದು ಫೋಟೋ ಹೊಡೆದುಕೊಂಡ. ಅಪ್ಪನಿಗೆ ತೋರಿಸಬೇಕಂತೆ.