ಪಣಂಬೂರಿಗೆ ಬಂದ ಪ್ರಾಣವಾಯು

ಶಾಲೆಯ ದಿನಗಳನ್ನು ಕುರಿತು ಈ ಸಂಚಿಕೆಗೆ ನಾಲ್ಕು ಮಾತು ಬರೆಯಬೇಕೆಂಬ ಅಪ್ಪಣೆಯಾದಾಗ ನಮಗೆ ಮೊದಲು ನೆನಪಾದದ್ದು ಬಹುಮಾನದ ದಿನವಲ್ಲ, ನಾಟಕವಲ್ಲ, ಉಪಾಧ್ಯಾಯಿನಿಯರ ಕೋಣೆಯ ಮೂಲೆಯಲ್ಲಿದ್ದ ಔಷಧದ ಕಪಾಟು. ಆರೋಗ್ಯಶಾಸ್ತ್ರವನ್ನು ಕಲಿಸುತ್ತಿದ್ದ ನಮ್ಮ ಉಪಾಧ್ಯಾಯಿನಿಯವರು ಪ್ರತಿ ಶನಿವಾರವೂ ಇಬ್ಬರು ಹುಡುಗಿಯರಿಂದ ಅದನ್ನು ತೆರೆಸಿ, ಸೀಸೆಗಳನ್ನು ಒರೆಸಿಸಿ, ಮುಗಿದುದೇನು, ಹಳತಾದುದೇನು ಎಂಬುದನ್ನು ಪುಸ್ತಕದಲ್ಲಿ ಬರೆಯಿಸುತ್ತಿದ್ದರು. ಒಬ್ಬಳ ಮೊಣಕಾಲೂ ತರಚದ ವಾರದಲ್ಲಿಯೂ ಈ ಕೆಲಸವು ತಪ್ಪುತ್ತಿರಲಿಲ್ಲ. ಇದೆಂಥ ವ್ಯರ್ಥ ಶ್ರಮವೆಂದು ನಾವು ಒಳಗೊಳಗೇ ಗೊಣಗುತ್ತಿದ್ದೆವು.

ಅದರ ಅರ್ಥವು ನಮಗೆ ತಿಳಿದದ್ದು 2021ನೇ ಇಸವಿಯಲ್ಲಿ. ಕೊರೋನಾ ವ್ಯಾಧಿಯ ಎರಡನೆಯ ಅಲೆಯೆದ್ದ ಆ ದಿನಗಳಲ್ಲಿ ನಮ್ಮ ತಾಯಿಯವರು ಪಟ್ಟಣದ ಒಂದು ಆಸ್ಪತ್ರೆಯಲ್ಲಿ ಆಮ್ಲಜನಕದ ಆಧಾರದಿಂದ ಉಸಿರಾಡುತ್ತಿದ್ದರು. ಒಳಗೆ ಹೋಗಲು ನಮಗೆ ಅಪ್ಪಣೆ ಇರಲಿಲ್ಲ. ಅಲ್ಲಿ ದಾದಿಯಾಗಿದ್ದ ನಮ್ಮ ಸಹಪಾಠಿಯು ರಾತ್ರಿ ಫೋನಿನಲ್ಲಿ, ತಾಯಿಯವರ ಕ್ಷೇಮಕ್ಕಿಂತಲೂ ಮುಂಚೆ, “ಸಿಲಿಂಡರುಗಳು ಬೆಳಗಿನವರೆಗೆ ಸಾಕಾಗುತ್ತವೆ” ಎಂದು ಹೇಳುವಳು. ಆಮೇಲೆಯೇ ನಮಗೆ ನಿದ್ರೆ.

ಆ ಮೇ ತಿಂಗಳ 5ನೇ ತಾರೀಖಿನಂದು ನೌಕಾದಳದ ‘ತಲ್ವಾರ್’ ಎಂಬ ಹಡಗು ಬಹರೈನಿನಿಂದ ದ್ರವರೂಪದ ಆಮ್ಲಜನಕವನ್ನು ಹೊತ್ತು ಪಣಂಬೂರಿನ ನವಮಂಗಳೂರು ಬಂದರಕ್ಕೆ ಬಂದು ಸೇರಿತು. 1974ರಲ್ಲಿ ಮಹಾಬಂದರವೆಂದು ಘೋಷಿಸಲ್ಪಟ್ಟ ಆ ಸ್ಥಳಕ್ಕಾಗಿ ಮನೆ, ತೆಂಗಿನ ಹಿತ್ತಿಲುಗಳನ್ನು ಬಿಟ್ಟು ಕಾಟಿಪಳ್ಳ, ಕೃಷ್ಣಾಪುರಗಳಿಗೆ ಹೋದ ಕುಟುಂಬಗಳಲ್ಲಿ ನಮ್ಮದೂ ಒಂದು. ಬಂದರದ ಹೆಸರೆತ್ತಿದರೆ ತಾಯಿಯವರು ಮುಖ ತಿರುಗಿಸುತ್ತಿದ್ದರು. ಹಡಗಿನಲ್ಲಿ ಬಂದ ವಾಯುವೇ ಅವರ ಹಾಸಿಗೆಯನ್ನು ಮುಟ್ಟಿತೆಂದು ನಾವು ಹೇಳುವುದಿಲ್ಲ. ಆದಾಗ್ಯೂ ಆ ಸುದ್ದಿಯನ್ನು ಕೇಳಿದ ಸಾಯಂಕಾಲ ನಾವು ಅತ್ತುಬಿಟ್ಟೆವು.

ಆದರೆ ಆಸ್ಪತ್ರೆಗಳು ಯುದ್ಧನೌಕೆಗಳ ದಾರಿ ಕಾಯುತ್ತ ನಡೆಯಲಾರವಷ್ಟೆ. ಶೂನ್ಯಕ್ಕಿಂತ 183 ಡಿಗ್ರಿ ಕೆಳಗಿನ ಶೀತದಲ್ಲಿ ದ್ರವವಾಗುವ ಈ ವಸ್ತುವಿನ ಒಂದು ಲೀಟರು, ವಾಯುವಾದಾಗ ಸುಮಾರು 860 ಲೀಟರುಗಳಾಗುತ್ತದೆ. ಅದು ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಂಥ ದೂರದ ಸ್ಥಳಗಳಲ್ಲಿ ತಯಾರಾಗಿ ಟ್ಯಾಂಕರುಗಳಲ್ಲಿ ಬರತಕ್ಕದ್ದು. ಮಳೆಗಾಲದಲ್ಲಿ ಘಟ್ಟದ ದಾರಿ ಕುಸಿದರೆ ನಮ್ಮ ಜಿಲ್ಲೆಯ ಗತಿಯೇನೆಂಬುದನ್ನು ವಾಚಕರೇ ಊಹಿಸಿಕೊಳ್ಳಬಹುದು. ಆದುದರಿಂದ ಆ ಸಂಕಟದ ತರುವಾಯ ಅನೇಕ ಆಸ್ಪತ್ರೆಗಳ ಅಂಗಳದಲ್ಲಿಯೇ ಆಮ್ಲಜನಕದ ಯಂತ್ರಗಳು ಬಂದವು. ಅವು ಸುತ್ತಲಿನ ಗಾಳಿಯನ್ನು ಒತ್ತಿ, ಜಿಯೊಲೈಟ್ ಎಂಬ ಸಣ್ಣ ಮಣಿಗಳ ನಡುವೆ ಹಾಯಿಸುತ್ತವೆ. ಮಣಿಗಳು ಸಾರಜನಕವನ್ನು ಹಿಡಿದಿಟ್ಟುಕೊಳ್ಳಲು, ನೂರಕ್ಕೆ ಸುಮಾರು 93 ಪಾಲು ಆಮ್ಲಜನಕವುಳ್ಳ ಗಾಳಿಯು ಹೊರಬರುತ್ತದೆ. ಈ ಮಣಿಗಳ ವೈರಿಯು ತೇವ. ಅವು ನೀರಿನ ಆವಿಯನ್ನು ಕುಡಿದರೆ ಸಾರಜನಕವನ್ನು ಹಿಡಿಯುವ ಶಕ್ತಿ ಕುಂದುತ್ತದೆ. ಉಪ್ಪಿನ ಡಬ್ಬಿಯೇ ನೀರೊಡೆಯುವ ನಮ್ಮ ಕಡಲತೀರದಲ್ಲಿ ಗಾಳಿಯನ್ನು ಒಣಗಿಸುವ ಭಾಗವು ಒಂದು ದಿನವೂ ಕೆಡಬಾರದು.

ಕೆಟ್ಟಿತು. ನಮ್ಮ ಸಹಪಾಠಿಯು ಎರಡು ವರ್ಷಗಳ ಮೇಲೆ ವರ್ಗವಾಗಿ ಹೋದ ಒಂದು ಆಸ್ಪತ್ರೆಯಲ್ಲಿ ಯಂತ್ರವು ಹಾರದ ಗುರುತು ಮಾಸುವ ಮೊದಲೇ ಮೂಕವಾಗಿತ್ತು. ಒಣಗಿಸುವ ಭಾಗವು ಹಾಳಾಗಿತ್ತು. ದುರಸ್ತಿಗೆ ಹಣವಿಲ್ಲ, ಬಲ್ಲವರಿಲ್ಲ. ಸಿಲಿಂಡರುಗಳನ್ನು ಪುನಃ ಕ್ರಯಕ್ಕೆ ತರಿಸುತ್ತಿದ್ದರು. ಆ ಆಸ್ಪತ್ರೆಯ ಹೆಸರನ್ನು ನಾವು ಹೇಳೆವು. ದೋಷವು ಅಲ್ಲಿಯವರದು ಮಾತ್ರವೇ ಅಲ್ಲ. ಶಿಲಾಫಲಕದಲ್ಲಿ ಹೆಸರು ಕೆತ್ತಿಸಿಕೊಳ್ಳಲು ಮುಂದೆ ಬರುವ ದಾನಿಗಳಲ್ಲಿ ಸೋಸುವ ಜಾಲರಿಯನ್ನು ವರ್ಷವರ್ಷವೂ ಬದಲಾಯಿಸುವೆನೆಂಬವರನ್ನು ನಾವು ಇನ್ನೂ ಕಂಡಿಲ್ಲ. (ನಾವೂ ಅಂಥ ದಾನವನ್ನು ಮಾಡಿದವರಲ್ಲ, ಇದನ್ನು ಮರೆಮಾಡುವುದೇಕೆ?)

ಹೆತ್ತವರಲ್ಲಿ ನಮ್ಮ ವಿನಂತಿಯೊಂದುಂಟು. ಮಗಳು ಡಾಕ್ಟರಾಗಲಿ ಎಂದು ಎಲ್ಲರೂ ಆಶಿಸುತ್ತೀರಿ, ಆಗಲಿ. ಆಸ್ಪತ್ರೆಯ ಯಂತ್ರಗಳನ್ನು ಬಿಚ್ಚಿ ಜೋಡಿಸುವ ವಿದ್ಯೆಯನ್ನು ಕಲಿಯುವೆನೆಂದು ಒಬ್ಬಳು ಹೇಳಿದರೆ ಅದು ಗಂಡಸರ ಕೆಲಸವೆಂದು ಅವಳನ್ನು ತಡೆಯಬೇಡಿರಿ. ಹಳೆಯ ವಿದ್ಯಾರ್ಥಿನಿಯರು ಈ ವರ್ಷ ಕೂಡಿಸುವ ಹಣದಲ್ಲಿ ಒಂದು ಪಾಲನ್ನು ಅಂಥ ಹುಡುಗಿಯ ಶುಲ್ಕಕ್ಕೆ ತೆಗೆದಿಡಬೇಕೆಂದು ಸಂಘದ ಸಭೆಯಲ್ಲಿ ಸೂಚಿಸಲಿದ್ದೇವೆ.

ತಾಯಿಯವರು ಹನ್ನೊಂದು ದಿನಗಳ ಮೇಲೆ ಮನೆಗೆ ಬಂದರು. ನಮ್ಮ ಸಹಪಾಠಿಯು ಅವರನ್ನು ನೋಡಲು ಬಂದಾಗ ಕೈಯಲ್ಲಿ ಹಣ್ಣಿನೊಂದಿಗೆ ಒಂದು ನೋಟುಪುಸ್ತಕವೂ ಇತ್ತು. ಪ್ರತಿ ಪಾಳಿಯಲ್ಲಿ ಯಾವ ಸಿಲಿಂಡರಿನಲ್ಲಿ ಎಷ್ಟು ಉಳಿದಿದೆಯೆಂದು ಅವಳು ಬರೆದಿಟ್ಟ ಲೆಕ್ಕವದು. ಪುಟದ ನಡುವೆ ಎಳೆದ ಗೆರೆ, ಎಡಗಡೆಗೆ ಮುಗಿದುದು, ಬಲಗಡೆಗೆ ಉಳಿದುದು. ಶನಿವಾರದ ಪುಸ್ತಕದಲ್ಲಿ ನಾವಿಬ್ಬರೂ ಕಲಿತದ್ದು ಹಾಗೆಯೇ.